ಹೆಸರಿಗೆ ಕರಡಿ, ಕುಲದಲ್ಲಿ ಅಲ್ಲ

ಮಕ್ಕಳೇ, ಶಾಲೆಯಲ್ಲಿ ತರಕರಡಿಯ ಮೇಲೆ ಪ್ರಬಂಧ ಬರೆಯಲು ಹೇಳಿದರೆ ಏನು ಮಾಡುತ್ತೀರಿ? ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೇ ಎಲ್ಲರೂ ಇಳಿಸಿಕೊಂಡರೆ ಇಡೀ ತರಗತಿಯದು ಒಂದೇ ಪ್ರಬಂಧ. ಓದುವ ಮೇಷ್ಟ್ರ ಗತಿಯೇನು!

ನನ್ನನ್ನು ಕೇಳಿದರೆ, ಮೊದಲು ನಿಮ್ಮದೇ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದು ನಿಜಕ್ಕೂ ಕರಡಿಯೇ? ಅಲ್ಲ, ನೀರುನಾಯಿಯ ಕುಟುಂಬಕ್ಕೆ ಸೇರಿದ ಬ್ಯಾಡ್ಜರ್. ಹಾಗಾದರೆ ಕರಡಿಗೂ ಇದಕ್ಕೂ ಹೋಲಿಕೆ ಏನು? ಉದ್ದ ಉಗುರು, ನೆಲ ಅಗೆಯುವ ಅಭ್ಯಾಸ, ಜೇನಿನ ಆಸೆ. ವ್ಯತ್ಯಾಸ? ಕರಡಿ 100 ಕಿಲೋ ತೂಗಿದರೆ ಇದು 10 ಕಿಲೋ ಆಸುಪಾಸು. ಕಪ್ಪು ಮೈ, ಬೆನ್ನಿಗೆ ಬಿಳಿ ಕಂಬಳಿ ಹೊದ್ದಂತೆ ಬಣ್ಣ. ಹೆಚ್ಚಾಗಿ ರಾತ್ರಿ ಓಡಾಡುವುದರಿಂದ ಕಾಣುವುದೇ ಅಪರೂಪ. ನಮ್ಮ ಕಾವೇರಿ ವನ್ಯಜೀವಿ ಧಾಮದಲ್ಲಿ ಇದು ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದಕ್ಕಿದೆ.

ಇಂಥ ಸಂಗತಿಗಳನ್ನು ಎರಡು ಪುಸ್ತಕಗಳಲ್ಲಿ ತಾಳೆ ನೋಡಿ. ಆಮೇಲೆ ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲೇ ಬರೆಯಿರಿ. ಬೇರೆಯವರ ಸಹಿ ಹಾಕಿದ ಚೆಕ್ ಬ್ಯಾಂಕಿನಲ್ಲಿ ನಡೆಯುವುದಿಲ್ಲ, ಪ್ರಬಂಧವೂ ಹಾಗೆಯೇ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ ವಾಕ್ಯ ಹೇಳಿಕೊಡಬೇಡಿ. ‘ಇದು ನಿನಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ, ಸಾಕು.