ಖಾಲಿ ಬಾಟಲಿಯ ಫೋಟೋ ಹಾಕಿ

ಶುಕ್ರವಾರ ಸಂಜೆ ಏಳರ ಹೊತ್ತಿಗೆ ನನ್ನ ಫೋನಿಗೆ ಬಾಟಲಿಗಳು ಬರತೊಡಗುತ್ತವೆ. ನಾವು ಪುಣೆಯಲ್ಲಿರುವ ಹದಿನಾಲ್ಕು ಜನ ಕನ್ನಡಿಗರು. ಹೆಚ್ಚಿನವರು ಐಟಿ, ಇಬ್ಬರು ಬ್ಯಾಂಕು, ಒಬ್ಬ ಪಶುವೈದ್ಯ. ವಿಸ್ಕಿಯ ಮೇಲಿನ ಪ್ರೀತಿ ನಮ್ಮನ್ನು ಒಟ್ಟುಗೂಡಿಸಿದೆ ಎಂದು ಹೇಳಿಕೊಳ್ಳುತ್ತೇವೆ. ಒಬ್ಬ ಸಿಂಗಪುರದಿಂದ ಬರುವಾಗ ಕಸ್ಟಮ್ಸಿನವರು ಬಿಡುವ ಎರಡು ಲೀಟರನ್ನು ಲೆಕ್ಕ ಹಾಕಿ ತಂದಿರುತ್ತಾನೆ. ಇನ್ನೊಬ್ಬ ಗೋವಾದಿಂದ ಟವೆಲ್ಲಿನಲ್ಲಿ ಸುತ್ತಿ ತಂದಿರುತ್ತಾನೆ. ಬಾಲ್ಕನಿಯ ಕಟ್ಟೆ, ಅದರ ಮೇಲೆ ಬಾಟಲಿ, ಪಕ್ಕದಲ್ಲಿ ಅದು ಬಂದ ರಟ್ಟಿನ ಕೊಳವೆ, ಹಿಂದೆ ಮುಳುಗುವ ಸೂರ್ಯ. ಕೆಳಗೊಂದು ಸಾಲು: ಮನೆಗೆ ಹೊಸ ಅತಿಥಿ. ಆಮೇಲೆ ಹದಿಮೂರು ಕಂಗ್ರಾಟ್ಸ್. ಮಗು ಹುಟ್ಟಿದಾಗಲೂ ನಮ್ಮವರು ಇಷ್ಟು ಬೇಗ ಅಭಿನಂದಿಸಿದ್ದನ್ನು ನಾನು ನೋಡಿಲ್ಲ.

ಎಂಟು ವರ್ಷ ನಾನೂ ಇದನ್ನೇ ಮಾಡಿದ್ದೇನೆ. ನಾನು ಕುಡಿಯುತ್ತೇನೆ, ಮುಂದೆಯೂ ಕುಡಿಯುವವನಿದ್ದೇನೆ. ಹಾಗಾಗಿ ಇದು ಪಾನನಿಷೇಧದ ಲೇಖನ ಎಂದುಕೊಂಡು ಯಾರೂ ಪುಟ ಮುಚ್ಚಬೇಕಿಲ್ಲ. ನನ್ನ ತಕರಾರು ಬೇರೆಯದು. ಈ ಎಂಟು ವರ್ಷಗಳಲ್ಲಿ ಕಡಿಮೆಯೆಂದರೂ ನಾನೂರು ತುಂಬಿದ ಬಾಟಲಿಗಳ ಫೋಟೋ ನೋಡಿದ್ದೇನೆ. ಖಾಲಿಯಾದ ಬಾಟಲಿಯದು ಒಂದೂ ಇಲ್ಲ. ನಾವು ಕೊಂಡದ್ದನ್ನು ಹೇಳುತ್ತೇವೆ, ಕುಡಿದದ್ದನ್ನು ಹೇಳುವುದಿಲ್ಲ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಕುಡಿದದ್ದನ್ನು ಹೇಳದೆ ಇರುವುದಕ್ಕೋಸ್ಕರವೇ ಕೊಂಡದ್ದನ್ನು ತೋರಿಸುತ್ತೇವೆ.

ನನ್ನ ಸೋದರಮಾವ ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಹಮಾಲಿ ಮಾಡುತ್ತಿದ್ದ. ಸಂಜೆ ಪ್ಯಾಕೆಟ್ ಸಾರಾಯಿ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಎರಡೇ ಗುಟುಕಿಗೆ ಮುಗಿಸಿ, ಪ್ಯಾಕೆಟ್ಟನ್ನು ಮುದುಡಿ ಗಟಾರಕ್ಕೆ ಎಸೆದು ಮನೆಗೆ ಬರುತ್ತಿದ್ದ. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಅವನಿಲ್ಲ. ಫೋಟೋದವನು ಕರೆದಾಗಲೆಲ್ಲ ಯಾರಾದರೊಬ್ಬರು ಅವನನ್ನು ಅಡುಗೆಯವರ ಕಡೆ ಅಟ್ಟಿದ್ದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಮಾವ ನಿಲ್ಲಿಸಲಿಲ್ಲ. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿ.ಲೀ. ಬಂತು, ಖರ್ಚು ಹೆಚ್ಚಾಯಿತು, ಅಷ್ಟೇ. ಅದರೊಳಗಿದ್ದದ್ದು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಬಣ್ಣ ಮತ್ತು ಸುವಾಸನೆ ಕೂಡಿಸಿದ ದ್ರವ. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ನಮ್ಮ ದೇಶದಲ್ಲಿ ಮಾರಬಹುದು, ಮಾರುತ್ತಾರೆ.

ಮಾವನನ್ನು ಊರು ಕುಡುಕ ಎಂದಿತು. ನನಗೆ ಸಿಕ್ಕಿರುವ ಹೆಸರು ಕಲೆಕ್ಟರ್. ಮಾವ ದಿನಕ್ಕೆ ಎಷ್ಟು ಕುಡಿಯುತ್ತಾನೆ ಎನ್ನುವುದು ಇಡೀ ಓಣಿಗೆ ಗೊತ್ತಿತ್ತು. ನಾನು ಎಷ್ಟು ಕುಡಿಯುತ್ತೇನೆ ಎನ್ನುವುದು ನನ್ನ ಹೆಂಡತಿಗೂ ಸರಿಯಾಗಿ ಗೊತ್ತಿಲ್ಲ. ಇಷ್ಟೇ ವ್ಯತ್ಯಾಸ, ಮತ್ತು ಈ ವ್ಯತ್ಯಾಸವನ್ನು ನಾನು ಒಂದೊಂದು ಬಾಟಲಿಗೆ ಎಂಟು ಹತ್ತು ಸಾವಿರ ಕೊಟ್ಟು ಕೊಂಡುಕೊಂಡಿದ್ದೇನೆ. ಕನ್ನಡದಲ್ಲಿ ಕುಡಿತದ ಬಗ್ಗೆ ಅತ್ಯಂತ ಜೀವಂತವಾಗಿ ಮಾತಾಡಿದವನು ರಾಜರತ್ನಂ ಅವರ ರತ್ನ. ಅವನಿಗೆ ಪುಟ್ನಂಜಿ ಇದ್ದಳು, ಬಾಯ್ತುಂಬ ಮಾತಿತ್ತು, ಬ್ರಾಂಡ್ ಇರಲಿಲ್ಲ. ನಮ್ಮ ಗುಂಪಿನಲ್ಲಿ ಬ್ರಾಂಡ್ ಒಂದೇ ಇದೆ.

(ನಾವಿರುವ ರಾಜ್ಯದ ಕಾನೂನು ಈ ವಿಷಯದಲ್ಲಿ ನಮಗಿಂತ ನೇರವಾಗಿದೆ. 1949ರ ಪಾನನಿರೋಧ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಬೇಕು. ಒಂದು ದಿನದ್ದು ಐದು ರೂಪಾಯಿಗೆ ಸಿಗುತ್ತದೆ. ಆರೋಗ್ಯ ಕಾಪಾಡಿಕೊಳ್ಳುವುದಕ್ಕಾಗಿ ಕುಡಿಯುತ್ತೇನೆ ಎಂಬ ಒಕ್ಕಣೆ ಅದರಲ್ಲಿರುತ್ತದೆ. ಹದಿನಾಲ್ಕು ಜನರಲ್ಲಿ ಪರ್ಮಿಟ್ ಇರುವವನು ಪಶುವೈದ್ಯ ಒಬ್ಬನೇ.)

ಕೆಲವರು ಫೋಟೋದ ಕೆಳಗೆ ರುಚಿಯ ಬಗ್ಗೆಯೂ ಎರಡು ಸಾಲು ಬರೆಯುತ್ತಾರೆ, ಅದನ್ನು ಮರೆತಿಲ್ಲ. ಆದರೆ ಆ ಸಾಲುಗಳನ್ನು ಓದಿ ನೋಡಿ. ಹೀದರ್ ಹೂವು, ಕ್ರಿಸ್‌ಮಸ್ ಕೇಕ್, ಒದ್ದೆ ಟ್ವೀಡ್, ಗೂಸ್‌ಬೆರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿನಲ್ಲಿ ಬೆಳೆದ ಮೂಗಿಗೆ ಹೀದರ್ ಹೂವು ಎಲ್ಲಿ ಸಿಕ್ಕಿತು? ರಟ್ಟಿನ ಡಬ್ಬಿಯ ಹಿಂಬದಿಯಲ್ಲಿ ಸಿಕ್ಕಿತು. ಅಲ್ಲಿಂದ ನೇರವಾಗಿ ಫೋನಿಗೆ ಇಳಿಯಿತು. ಹೀಗೆ ಬರೆಯಲು ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ, ಬಹಳ ಸಲ ತೆಗೆದಿರುವುದೂ ಇಲ್ಲ.

ಒಮ್ಮೆ ಮಾತ್ರ ಬೇರೆ ಥರ ಆಯಿತು. ಮಳೆಗಾಲದ ಒಂದು ರಾತ್ರಿ, ವಾಕಡ್‌ನ ಒಂದು ಮನೆಯಲ್ಲಿ, ಕರೆಂಟ್ ಹೋಗಿತ್ತು. ಯಾರೋ ಬೇಸರಕ್ಕೆ ಐಲಾ ದ್ವೀಪದ ಒಂದು ಬಾಟಲಿಯ ಸೀಲು ಒಡೆದರು. ಅಲ್ಲಿಯವರು ಮೊಳಕೆ ಬರಿಸಿದ ಜವೆಗೋಧಿಯನ್ನು ಒಣಗಿಸುವಾಗ ಕೆಳಗೆ ಪೀಟ್ ಉರಿಸುತ್ತಾರೆ. ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಗಟ್ಟಿಯಾದ ಸಸ್ಯರಾಶಿ. ಆ ಹೊಗೆ ಕಾಳಿಗೆ ಹತ್ತಿ, ಭಟ್ಟಿ ಇಳಿಸಿ, ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟರೂ ಬಿಡುವುದಿಲ್ಲ. ಕತ್ತಲಲ್ಲಿ ಲೇಬಲ್ ಕಾಣುತ್ತಿರಲಿಲ್ಲ. ಒಬ್ಬ ಸರ್ಕಾರಿ ಆಸ್ಪತ್ರೆಯ ಕಾರಿಡಾರ್ ಎಂದ. ಇನ್ನೊಬ್ಬ ಹಸಿಕಟ್ಟಿಗೆ ಒಲೆ ಎಂದ. ಬಾಣಂತಿ ಕೋಣೆಯ ಲೋಬಾನ ಅಂತ ನಾನು ಹೇಳಿದೆ. ಪಶುವೈದ್ಯ ಮೂಗು ಒಳಗಿಟ್ಟು, ಸೊಳ್ಳೆ ಓಡಿಸಲು ಕೊಟ್ಟಿಗೆಗೆ ಹಾಕುವ ಹೊಗೆ, ಜೊತೆಗೆ ಗಾಯಕ್ಕೆ ಹಚ್ಚುವ ಔಷಧ ಎಂದಾಗ ನಾವೆಲ್ಲ ಒಟ್ಟಿಗೆ ಹೌದು ಹೌದು ಎಂದೆವು. ಅರ್ಧ ಗಂಟೆ ಅವರವರ ಊರಿನ ಮಾತಾಡಿದೆವು. ಎಂಟು ವರ್ಷದಲ್ಲಿ ವಿಸ್ಕಿಯ ಬಗ್ಗೆ ನಾವು ನಿಜವಾಗಿ ಮಾತಾಡಿದ್ದು ಅಂದು. ಅದರ ಫೋಟೋ ಇಲ್ಲ.

ನಮ್ಮ ಊರಿನದೇ ವಿಸ್ಕಿಯ ಕತೆಯೂ ಹೀಗೇ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಜಿಮ್ ಮರ್ರೆ ತನ್ನ 2010ರ ವಿಸ್ಕಿ ಬೈಬಲ್‌ನಲ್ಲಿ ಅದರ ಫ್ಯೂಷನ್‌ಗೆ ನೂರಕ್ಕೆ 97 ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ ಮೇಲೆ ನಮ್ಮವರಿಗೂ ಅದು ಫೋಟೋಗೆ ಯೋಗ್ಯವಾಯಿತು. ಈಗಲೂ ನಮ್ಮ ಗುಂಪಿನಲ್ಲಿ ಅದಕ್ಕೆ ಬರುವ ಕಂಗ್ರಾಟ್ಸ್ ಅರ್ಧ. ಕಾರಣ, ಲೇಬಲ್ಲಿನ ಮೇಲೆ 12, 18 ಎಂಬ ಅಂಕಿ ಇಲ್ಲ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು 2 ಭಾಗ ಆವಿಯಾಗುತ್ತದೆ. ಬೆಂಗಳೂರಿನಲ್ಲಿ 10ರಿಂದ 12. ಹತ್ತು ವರ್ಷ ಬಿಟ್ಟರೆ ಉಳಿಯುವುದು ಮೂರನೇ ಒಂದು ಭಾಗದಷ್ಟು. ನಮ್ಮ ಬಿಸಿಲಿನಲ್ಲಿ ಮರದ ಗುಣ ಬೇಗ ಇಳಿಯುತ್ತದೆ, ನಾಲ್ಕೈದು ವರ್ಷಕ್ಕೇ ಮಾಲ್ಟ್ ಹದಕ್ಕೆ ಬರುತ್ತದೆ. ಅದೇ ಕಂಪನಿ ಎಂಟು ವರ್ಷ ಇಟ್ಟು ತೆಗೆದ ವಿಸ್ಕಿಗೆ ಗ್ರೀಡಿ ಏಂಜಲ್ಸ್ ಎಂದು ಹೆಸರಿಟ್ಟಿತು, ದೇವತೆಗಳೇ ಕುಡಿದು ಮುಗಿಸುತ್ತಾರೆ ಎಂಬರ್ಥದಲ್ಲಿ. ಇದೆಲ್ಲ ನಾಲಿಗೆಗೆ ಗೊತ್ತಾಗುತ್ತದೆ. ಫೋಟೋಗೆ ಗೊತ್ತಾಗುವುದು ಅಂಕಿ ಒಂದೇ.

ಇನ್ನೊಂದು ಸರಳ ಸಂಗತಿಯನ್ನು ನಮ್ಮ ಕಲೆಕ್ಟರುಗಳು ಮರೆಯುತ್ತಾರೆ. ಬಾಟಲಿಗೆ ಬಿದ್ದ ಮೇಲೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಕಪಾಟಿನಲ್ಲಿ ಹತ್ತು ವರ್ಷ ಇಟ್ಟರೂ ಹನ್ನೆರಡು ವರ್ಷದ್ದು ಹನ್ನೆರಡೇ. ಮಾಗುವುದು ಬೆಲೆ ಮಾತ್ರ. 2023ರ ನವೆಂಬರಿನಲ್ಲಿ 1926ರ ಮೆಕಾಲನ್ ಬಾಟಲಿಯೊಂದು ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಅದನ್ನು ಯಾರಾದರೂ ಕುಡಿಯುತ್ತಾರೆಯೇ? ಅದಕ್ಕೂ ಮೊದಲು, 2017ರಲ್ಲಿ, ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ ಚೀನಾದ ಒಬ್ಬ ಜನಪ್ರಿಯ ಕಾದಂಬರಿಕಾರ 1878ರ ಮೆಕಾಲನ್ ಎಂದು ಇಟ್ಟಿದ್ದ ಬಾಟಲಿಯಿಂದ ಒಂದೇ ಒಂದು ಪೆಗ್ ಕುಡಿದ, 9,999 ಫ್ರಾಂಕ್ ಕೊಟ್ಟು. ಸುದ್ದಿಯ ಫೋಟೋದಲ್ಲಿದ್ದ ಬಿರಡೆ, ಲೇಬಲ್ ನೋಡಿ ಕೆಲವರಿಗೆ ಅನುಮಾನ ಹುಟ್ಟಿತು (ಫೋಟೋ ಒಮ್ಮೆಯಾದರೂ ಕೆಲಸಕ್ಕೆ ಬಂತು ಎನ್ನಿ). ದ್ರವವನ್ನು ಪರೀಕ್ಷೆಗೆ ಕಳಿಸಿದರೆ, ಅದು 1970ರ ಆಸುಪಾಸಿನ ಸರಕು, ಸಿಂಗಲ್ ಮಾಲ್ಟ್ ಕೂಡ ಅಲ್ಲ. ಹೋಟೆಲಿನವರು ಹಣ ಹಿಂದಿರುಗಿಸಿದರು. ಮರುವರ್ಷ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದರಲ್ಲಿ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ನಕಲಿ ಇಲ್ಲವೇ ಹೇಳಿದ ವರ್ಷದವಲ್ಲ ಎಂದು ಗೊತ್ತಾಯಿತು. ಬಿರಡೆ ತೆಗೆಯದಿದ್ದರೆ ಅವೂ ಯಾವುದೋ ಕಪಾಟಿನಲ್ಲಿ ಮರ್ಯಾದೆಯಿಂದ ನಿಂತಿರುತ್ತಿದ್ದವು.

ಮದ್ಯದ ಜಾಹೀರಾತು ನಮ್ಮ ಟಿವಿಯಲ್ಲಿ ನಿಷಿದ್ಧ. ಹಾಗಾಗಿ ಕಂಪನಿಗಳು ಸೋಡಾ, ಮ್ಯೂಸಿಕ್ ಸಿಡಿ ಎಂದು ವೇಷ ಹಾಕಿಕೊಂಡು ಬರುತ್ತಿದ್ದವು. ಪಾಪ, ಅವರಿಗೇಕೆ ಆ ಕಷ್ಟ? ಬಾಲ್ಕನಿ ನಮ್ಮದು, ಕ್ಯಾಮೆರಾ ನಮ್ಮದು, ಸೂರ್ಯಾಸ್ತವೂ ನಮ್ಮದೇ. 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಒಪ್ಪಂದದಂತೆ ಸ್ಕಾಚ್ ಮೇಲಿನ 150 ಶೇಕಡಾ ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಶುಕ್ರವಾರಗಳು ಇನ್ನೂ ದಟ್ಟವಾಗಲಿವೆ.

ನನ್ನ ದುಡ್ಡು, ನನ್ನ ಹವ್ಯಾಸ, ನಿನಗೇನು ಎಂದು ಕೇಳುವವರಿದ್ದಾರೆ. ಅಂಚೆಚೀಟಿ ಕೂಡಿಸುವವನನ್ನು ಯಾರೂ ಬೈಯುವುದಿಲ್ಲವಲ್ಲ? ಈ ಪತ್ರಿಕೆಯ ಓದುಗರಲ್ಲೂ ಪುಸ್ತಕ ಕೊಂಡು ಓದದೆ ಫೋಟೋ ಹಾಕುವವರಿದ್ದಾರೆ, ನಾನೇ ಇದ್ದೇನೆ. ಒಪ್ಪಿದೆ. ಆದರೆ ಓದದ ಪುಸ್ತಕದ ಹಿಂದೆ ಯಾರೂ ಇನ್ನೊಂದು ಪುಸ್ತಕವನ್ನು ಕದ್ದು ಓದುತ್ತಿರುವುದಿಲ್ಲ.

ಕಳೆದ ವರ್ಷದ ಮಾತು. ನಮ್ಮಲ್ಲಿ ಅತಿ ಹೆಚ್ಚು ಬಾಟಲಿ ತೋರಿಸುತ್ತಿದ್ದ ಗೆಳೆಯ ಆಫೀಸಿನಲ್ಲೇ ಕುಸಿದುಬಿದ್ದ. ಕಣ್ಣು ಹಳದಿಯಾಗಿತ್ತು, ಹೊಟ್ಟೆ ಊದಿತ್ತು. ಅವನ ಹೆಂಡತಿ ಹೆರಿಗೆಗೆಂದು ಗದಗಕ್ಕೆ ಹೋಗಿದ್ದಳು. ಆಸ್ಪತ್ರೆಗೆ ಬೇಕಾದ ಬಟ್ಟೆ, ವಿಮೆಯ ಕಾಗದ ತರಲು ನಾನು ಮತ್ತು ಇನ್ನೊಬ್ಬ ಅವನ ಫ್ಲ್ಯಾಟಿಗೆ ಹೋದೆವು. ಹಾಲಿನ ಗಾಜಿನ ಕಪಾಟಿನಲ್ಲಿ 31 ಬಾಟಲಿಗಳು, ಒಳಗೆ ಚಿಕ್ಕ ದೀಪ ಬೇರೆ. ಎಣಿಸಿದೆವು, ಒಂದರದೂ ಸೀಲು ಒಡೆದಿರಲಿಲ್ಲ. ಎಲ್ಲವೂ ನಮಗೆ ಪರಿಚಿತ, ಎಲ್ಲಕ್ಕೂ ನಾವು ಕಂಗ್ರಾಟ್ಸ್ ಹೇಳಿದ್ದೆವು. ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಬಾಗಿಲು ತೆಗೆದರೆ ಎರಡು ಗೋಣಿಚೀಲಗಳ ತುಂಬ ಖಾಲಿ ಕ್ವಾರ್ಟರ್‌ಗಳು. ಅತಿ ಅಗ್ಗದ್ದು. ನನ್ನ ಮಾವ ಕುಡಿಯುತ್ತಿದ್ದ ಜಾತಿಯದೇ. ಅವನ್ನು ನಾವು ಎಣಿಸಲಿಲ್ಲ.

ಅವನು ಬದುಕಿದ್ದಾನೆ, ಕುಡಿಯುವುದು ಬಿಟ್ಟಿದ್ದಾನೆ, ಮಗಳಿಗೆ ಈಗ ಹಲ್ಲು ಬಂದಿದೆ. ಡಿಸ್ಚಾರ್ಜ್ ಆದ ದಿನ ಕಾರಿನಲ್ಲಿ ಕೂತು ನಮ್ಮನ್ನು ಬೈಯಲಿಲ್ಲ. ಒಂದೇ ಮಾತು ಹೇಳಿದ: “ಏನು ತಂದಿ ಅಂತ ಎಲ್ಲಾರೂ ಕೇಳಿದ್ರಿ. ಎಷ್ಟು ಕುಡಿಯಾಕತ್ತಿ ಅಂತ ಒಬ್ಬನೂ ಕೇಳಲಿಲ್ಲ.” ಮಾವನನ್ನು ಓಣಿಯವರು ದಿನಾ ಕೇಳುತ್ತಿದ್ದರು. ಕೇಳಿ ಅವಮಾನ ಮಾಡುತ್ತಿದ್ದರು, ಅದರಿಂದ ಅವನಿಗೇನೂ ಒಳ್ಳೆಯದಾಗಲಿಲ್ಲ, ಅದು ಬೇರೆ. ನಾವು ಮರ್ಯಾದೆ ಕೊಟ್ಟು ಕೇಳದೇ ಉಳಿದೆವು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ದೆಹಲಿಯಲ್ಲಿರಲಿ, ಇಂಥ ಗುಂಪುಗಳಲ್ಲಿರುವ ಗೆಳೆಯರೇ, ತುಂಬಿದ ಬಾಟಲಿ ತೋರಿಸುವುದನ್ನು ನಿಲ್ಲಿಸಿ. ಖಾಲಿಯಾದಾಗ ತೋರಿಸಿ. ಎಷ್ಟು ದಿನ ಬಂತು, ಯಾರ ಜೊತೆ ಮುಗಿಯಿತು, ಒಬ್ಬರೇ ಕುಡಿದದ್ದೆಷ್ಟು, ರುಚಿ ನಿಮ್ಮ ಊರಿನ ಯಾವುದನ್ನು ನೆನಪಿಸಿತು, ಬರೆಯಿರಿ. ಬರೆಯಲು ನಾಚಿಕೆಯಾದರೆ ಆ ನಾಚಿಕೆ ಎಲ್ಲಿಂದ ಬಂತು ಎಂದು ನೋಡಿಕೊಳ್ಳಿ.

ನನ್ನಿಂದಲೇ ಶುರುವಾಗಲಿ. ಅಮೃತ್ ಫ್ಯೂಷನ್, 750 ಮಿ.ಲೀ. 30ರ ಲೆಕ್ಕದಲ್ಲಿ 25 ಪೆಗ್, ಐದು ವಾರ ಬಂತು. ಬೆಳಗಾವಿಯ ಗೆಳೆಯ 6, ಭಾವ 5, ಮೇಲಿನ ಮನೆಯ ಮರಾಠಿ ಕಾಕಾ 2. ಒಂದು ಪೆಗ್ ಮೇಜಿನ ಮೇಲೆ ಚೆಲ್ಲಿ ಹೋಯಿತು. ಉಳಿದ 11 ನನ್ನವು. ಅದರಲ್ಲಿ 4 ಒಬ್ಬನೇ ಕುಡಿದೆ, ಒಂದೇ ಮಂಗಳವಾರ, ಮ್ಯಾನೇಜರ್ ಜೊತೆ ಜಗಳವಾದ ರಾತ್ರಿ. ಹೆಂಡತಿಗೆ ಹೇಳಿರಲಿಲ್ಲ, ಇದನ್ನು ಬರೆಯುವ ಮುಂಚೆ ಹೇಳಿದೆ. ರುಚಿ: ಆಲೆಮನೆಯಲ್ಲಿ ಕೊಪ್ಪರಿಗೆಯ ತಳಕ್ಕೆ ಹತ್ತಿ ಸ್ವಲ್ಪ ಸೀದ ಬೆಲ್ಲ, ಕಿತ್ತಳೆ ಸಿಪ್ಪೆ, ಕೊನೆಗೆ ದೂರದಲ್ಲೆಲ್ಲೋ ರವದಿ ಸುಡುವ ಹೊಗೆ. ಬಾಟಲಿಯನ್ನು ತೊಳೆದು ಗುಜರಿಯವನಿಗೆ ಕೊಟ್ಟೆ. ಫೋಟೋ ಈಗಾಗಲೇ ಕಳಿಸಿದ್ದೇನೆ. ಇನ್ನೂ ಯಾರೂ ಕಂಗ್ರಾಟ್ಸ್ ಎಂದಿಲ್ಲ. ಪಶುವೈದ್ಯ ಮಾತ್ರ ಫೋನ್ ಮಾಡಿ, ಆ ಮಂಗಳವಾರ ಏನಾಗಿತ್ತು ಎಂದು ಕೇಳಿದ.