ಲೆನ್ಸ್ ಮೇಲಿನ ಎರಡು ಗೆರೆಗಳ ನಡುವೆ ಇರುವುದೆಲ್ಲ ನಿಜಕ್ಕೂ ಸ್ಪಷ್ಟವಾಗಿ ಬರುತ್ತದೆಯೇ?

ಹಳೆಯ ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಳ್ಳುವವರಿಗೆ ಸಲಹೆಗಳ ಕೊರತೆಯಿಲ್ಲ. "ಗೆರೆಗಳ ನಡುವೆ ಇದ್ದರೆ ಚಿಂತೆಯಿಲ್ಲ", "ಫೋಕಸ್ ಮಾಡಿದ ಜಾಗದ ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಸ್ಪಷ್ಟ", "ಫಿಲ್ಮ್ ದೊಡ್ಡದಾದರೆ ಹಿನ್ನೆಲೆ ತಾನಾಗಿಯೇ ಮಸುಕಾಗುತ್ತದೆ". ಈ ಮೂರೂ ಅರ್ಧಸತ್ಯಗಳು.

ಮೊಬೈಲಿನಲ್ಲಾದರೆ ಕೆಟ್ಟ ಫೋಟೋ ಅಳಿಸಿ ಇನ್ನೊಂದು ತೆಗೆಯಬಹುದು. ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಆ ಸೌಲಭ್ಯವಿಲ್ಲ. 120 ಫಿಲ್ಮಿನ ಒಂದು ರೋಲಿನಲ್ಲಿ 6×6 ಸೆಂ.ಮೀ. ಅಳತೆಯ 12 ಚಿತ್ರಗಳು ಮಾತ್ರ ಬರುತ್ತವೆ. ಹಿಂದಿನ ಸಾಲಿನವರ ಮುಖ ಮಸುಕಾಗಿದೆ ಎಂದು ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ. ಅಷ್ಟರಲ್ಲಿ ನೆಂಟರೆಲ್ಲ ಊರು ಸೇರಿರುತ್ತಾರೆ.

ಡೆಪ್ತ್ ಆಫ್ ಫೀಲ್ಡ್ ಎಂದರೇನು?

ಲೆನ್ಸ್ ಒಂದು ಸಲಕ್ಕೆ ಒಂದೇ ದೂರಕ್ಕೆ ಫೋಕಸ್ ಆಗುತ್ತದೆ. ಆ ದೂರದಲ್ಲಿರುವ ಚುಕ್ಕೆ ಫಿಲ್ಮಿನ ಮೇಲೂ ಚುಕ್ಕೆಯಾಗಿಯೇ ಮೂಡುತ್ತದೆ. ಅದಕ್ಕಿಂತ ಹತ್ತಿರ ಅಥವಾ ದೂರ ಇರುವ ಚುಕ್ಕೆ ಪುಟ್ಟ ವೃತ್ತವಾಗಿ ಹರಡುತ್ತದೆ. ವೃತ್ತ ಬಹಳ ಚಿಕ್ಕದಾಗಿದ್ದರೆ ನಮ್ಮ ಕಣ್ಣು ಅದನ್ನೂ ಚುಕ್ಕೆ ಎಂದೇ ನಂಬುತ್ತದೆ. ಕಣ್ಣು ಹೀಗೆ ನಂಬುವಷ್ಟು ಜಾಗದ ಹೆಸರೇ ಡೆಪ್ತ್ ಆಫ್ ಫೀಲ್ಡ್. ಅದಕ್ಕೆ ಗೋಡೆಯಂಥ ಗಡಿಯಿಲ್ಲ. ಸ್ಪಷ್ಟತೆ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತಾ ಹೋಗುತ್ತದೆ.

ಹಾಗಾದರೆ ಲೆನ್ಸಿನ ಮೇಲೆ ಗೆರೆ ಎಳೆದದ್ದು ಹೇಗೆ? ಒಂದು ಊಹೆಯ ಮೇಲೆ. 25 ಸೆಂ.ಮೀ. ದೂರದಿಂದ ನೋಡುವಾಗ ಸುಮಾರು 0.2 ಮಿ.ಮೀ. ಅಗಲದ ವೃತ್ತ ನಮಗೆ ಚುಕ್ಕೆಯಂತೆ ಕಾಣುತ್ತದೆ ಎಂದಿಟ್ಟುಕೊಳ್ಳಿ. 6×6 ನೆಗೆಟಿವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಸುಮಾರು 22 ಸೆಂ.ಮೀ. ಅಗಲದ ಪ್ರಿಂಟ್ ಸಿಗುತ್ತದೆ. ಅದರಲ್ಲಿ 0.2 ಮಿ.ಮೀ. ಇರಬೇಕಾದರೆ ನೆಗೆಟಿವಿನಲ್ಲಿ ವೃತ್ತ 0.05 ಮಿ.ಮೀ. ಮೀರಬಾರದು. ಗೆರೆಗಳ ಹಿಂದಿರುವುದು ಇಂಥದೊಂದು ಲೆಕ್ಕ.

ಪ್ರಿಂಟ್ ದೊಡ್ಡದಾದರೆ ಲೆಕ್ಕ ಬದಲಾಗುತ್ತದೆ

80 ಮಿ.ಮೀ. ಲೆನ್ಸ್, 3 ಮೀಟರ್ ದೂರಕ್ಕೆ ಫೋಕಸ್, ಅಪರ್ಚರ್ ಎಫ್/8 ಎಂದುಕೊಳ್ಳೋಣ. ಮೇಲಿನ ಊಹೆಯಂತೆ 2.54 ಮೀಟರಿನಿಂದ 3.67 ಮೀಟರಿನವರೆಗೆ ಚಿತ್ರ ಸ್ಪಷ್ಟ. ಮುಂದಿನ ಸಾಲು 2.7 ಮೀಟರಿನಲ್ಲೂ ಹಿಂದಿನ ಸಾಲು 3.5 ಮೀಟರಿನಲ್ಲೂ ಇದ್ದರೆ ಎರಡೂ ಸಾಲಿನವರು ಬಚಾವ್.

ಅದೇ ಚಿತ್ರವನ್ನು ಎರಡರಷ್ಟು ದೊಡ್ಡ ಪ್ರಿಂಟ್ ಮಾಡಿ ಅಷ್ಟೇ ಹತ್ತಿರದಿಂದ ನೋಡಿ. ಈಗ 0.025 ಮಿ.ಮೀ. ವೃತ್ತವಷ್ಟೇ ನಡೆಯುತ್ತದೆ. ಸ್ಪಷ್ಟ ಜಾಗ 2.75ರಿಂದ 3.3 ಮೀಟರಿಗೆ ಇಳಿಯುತ್ತದೆ. ಹಿಂದಿನ ಸಾಲು ಪೂರ್ತಿ ಹೊರಗೆ, ಮುಂದಿನ ಸಾಲು ಅಂಚಿನಲ್ಲಿ! ನೆಗೆಟಿವ್ ಬದಲಾಗಿಲ್ಲ, ನೋಡುವ ರೀತಿ ಬದಲಾಗಿದೆ. ವಾಟ್ಸಾಪಿನಲ್ಲಿ ಚೆನ್ನಾಗಿ ಕಂಡ ಫೋಟೋ ಬೆರಳಿನಿಂದ ಜೂಮ್ ಮಾಡಿದಾಗ ಮಸುಕಾಗಿ ಕಾಣುವುದಕ್ಕೂ ಇದೇ ಒಂದು ಕಾರಣ.

ಹಾಗಿದ್ದರೆ ಅಂದಾಜು ಮಾಡುವುದು ಹೇಗೆ?

ರೋಲಿಫ್ಲೆಕ್ಸ್, ಯಾಶಿಕಾ ಮ್ಯಾಟ್‌ನಂಥ ಎರಡು ಲೆನ್ಸಿನ ಕ್ಯಾಮೆರಾಗಳಲ್ಲಿ ನೀವು ನೋಡುವುದು ಮೇಲಿನ ಲೆನ್ಸಿನಿಂದ, ಚಿತ್ರ ತೆಗೆಯುವುದು ಕೆಳಗಿನ ಲೆನ್ಸ್. ಅಪರ್ಚರ್ ಕಿರಿದಾಗುವುದು ಕೆಳಗಿನದರಲ್ಲಿ ಮಾತ್ರ. ಆದ್ದರಿಂದ ಎಷ್ಟು ಭಾಗ ಸ್ಪಷ್ಟವಾಗಿ ಬರುತ್ತದೆ ಎಂಬುದು ಮೇಲಿನ ಗಾಜಿನಲ್ಲಿ ಕಾಣುವುದಿಲ್ಲ, ಅಳತೆಪಟ್ಟಿಯನ್ನೇ ನೆಚ್ಚಿಕೊಳ್ಳಬೇಕು. ಹ್ಯಾಸೆಲ್‌ಬ್ಲಾಡ್‌ನಂಥ ಒಂದೇ ಲೆನ್ಸಿನ ಕ್ಯಾಮೆರಾದಲ್ಲಿ ಅಪರ್ಚರ್ ಮುಚ್ಚಿ ನೋಡುವ ಸೌಲಭ್ಯವಿದೆ. ಆದರೆ ಆಗ ಗಾಜು ಕತ್ತಲಾಗುವುದರಿಂದ ಸಣ್ಣ ಮಸುಕು ಕಣ್ಣಿಗೆ ಬೀಳುವುದಿಲ್ಲ.

ಸುಲಭದ ದಾರಿ ಹೀಗಿದೆ:

1. ಮುಂದಿನ ಸಾಲಿಗೆ ಫೋಕಸ್ ಮಾಡಿ ದೂರ ಓದಿಕೊಳ್ಳಿ. ಹಿಂದಿನ ಸಾಲಿಗೂ ಹಾಗೇ ಮಾಡಿ.
2. ಎರಡೂ ದೂರಗಳು ಒಂದೇ ಎಫ್ ಸಂಖ್ಯೆಯ ಎರಡು ಗೆರೆಗಳ ಒಳಗೆ ಬರುವಂತೆ ಫೋಕಸ್ ತಿರುಗಿಸಿ. ಆ ಸಂಖ್ಯೆಯೇ ಕನಿಷ್ಠ ಅಗತ್ಯ.
3. ದೊಡ್ಡ ಪ್ರಿಂಟ್ ಬೇಕಿದ್ದರೆ ಎರಡು ಸ್ಟಾಪ್ ಹೆಚ್ಚು ಮುಚ್ಚಿ. ಪಟ್ಟಿ ಎಫ್/8 ಎಂದರೆ ಎಫ್/16 ಇಡಿ.

ಇದಕ್ಕೆ ಬೆಲೆಯೂ ಇದೆ. ಎಫ್/8ರಿಂದ ಎಫ್/16ಕ್ಕೆ ಹೋದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 1/125 ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ 1/30 ಬೇಕು. ಆಗ ಟ್ರೈಪಾಡ್ ಇಲ್ಲದಿದ್ದರೆ ಕೈ ನಡುಗಿ ಎಲ್ಲರೂ ಮಸುಕಾಗಬಹುದು. ತೀರಾ ಸಣ್ಣ ಅಪರ್ಚರಿನಲ್ಲಿ ಬೆಳಕು ಅಂಚಿಗೆ ಬಾಗಿ ಹರಡುವುದರಿಂದಲೂ ಇಡೀ ಚಿತ್ರ ಸ್ವಲ್ಪ ಮೃದುವಾಗುತ್ತದೆ.

ಉಳಿದೆರಡು ಮಾತುಗಳು ನಿಜವೇ?

"ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು" ಎಂಬುದು ಕೆಲವೊಮ್ಮೆ ಮಾತ್ರ ಸರಿ. ಇದೇ ಲೆನ್ಸಿಗೆ, ಮೊದಲಿನ ಊಹೆಯಂತೆ ಎಫ್/16ರಲ್ಲಿ 3 ಮೀಟರಿಗೆ ಫೋಕಸ್ ಮಾಡಿದರೆ ಮುಂದೆ 80 ಸೆಂ.ಮೀ., ಹಿಂದೆ 172 ಸೆಂ.ಮೀ., ಮಾತು ಹೆಚ್ಚುಕಡಿಮೆ ನಿಜ. ಎಫ್/2.8ರಲ್ಲಿ ಮುಂದೆ 18, ಹಿಂದೆ ಸುಮಾರು 20 ಸೆಂ.ಮೀ., ಅಂದರೆ ಬಹುತೇಕ ಸಮಪಾಲು. ಹತ್ತಿರದ ಮುಖಚಿತ್ರಕ್ಕೆ ಈ ಸೂತ್ರ ನಂಬಿದರೆ ಕಣ್ಣೇ ಫೋಕಸ್ ತಪ್ಪಬಹುದು.

ಇನ್ನು ದೊಡ್ಡ ಫಿಲ್ಮ್. ಹಿನ್ನೆಲೆಯನ್ನು ಮಸುಕು ಮಾಡುವುದು ಫಿಲ್ಮ್ ಅಲ್ಲ, ಬೆಳಕು ಒಳಬರುವ ಕಿಂಡಿಯ ಅಗಲ. 80 ಮಿ.ಮೀ. ಎಫ್/2.8 ಲೆನ್ಸಿನಲ್ಲಿ ಅದು ಸುಮಾರು 28 ಮಿ.ಮೀ. ಮೊಬೈಲಿನ 6 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಬರೀ 3 ಮಿ.ಮೀ. ಚಿಲ್ಲರೆ. ಹಾಗಾಗಿಯೇ ಮೊಬೈಲು ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆಯನ್ನು ಸಾಫ್ಟ್‌ವೇರಿನಿಂದ ಮಸುಕು ಮಾಡುತ್ತದೆ. ದೊಡ್ಡ ಫಿಲ್ಮಿಗೆ ಅಷ್ಟೇ ದೃಶ್ಯ ಹಿಡಿಯಲು ಉದ್ದ ಫೋಕಲ್ ದೂರದ ಲೆನ್ಸ್ ಬೇಕು, ಅದರ ಕಿಂಡಿಯೂ ದೊಡ್ಡದು. ಗುಟ್ಟು ಇಷ್ಟೇ. 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಎಫ್/1.4 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಮಸುಕು ಸಿಗುತ್ತದೆ.

ಒಟ್ಟಿನಲ್ಲಿ, ಲೆನ್ಸ್ ಮೇಲಿನ ಗೆರೆ ಸುಳ್ಳಲ್ಲ, ಆದರೆ ಖಾತ್ರಿಯೂ ಅಲ್ಲ. "ಇಷ್ಟು ದೊಡ್ಡ ಪ್ರಿಂಟ್, ಇಷ್ಟು ದೂರದಿಂದ ನೋಡಿದರೆ" ಎಂಬ ಷರತ್ತು ಅದರ ಜೊತೆಗಿದೆ. ಕ್ಲಿಕ್ಕಿಸುವ ಮೊದಲು ಈ ಚಿತ್ರ ಎಷ್ಟು ದೊಡ್ಡದಾಗಬೇಕು ಎಂದು ಯೋಚಿಸಿ, ಮುಖ್ಯವಾದ ಮುಖಕ್ಕೇ ಫೋಕಸ್ ಹತ್ತಿರವಿಡಿ.