ವಿಷಗಾಳಿ ಅರಿಯುವ ವಿದ್ಯೆ ಯಾರ ಸ್ವತ್ತು?

ರಾಯಚೂರಿನ ಮಿಲ್ ಕಾರ್ಮಿಕ ಬಂಧುಗಳನ್ನೂ ದೇವದುರ್ಗ, ಮಾನ್ವಿಗಳ ಚಹಾದಂಗಡಿ, ಖಾನಾವಳಿಗಳ ಸಣ್ಣ ವ್ಯಾಪಾರಿಗಳನ್ನೂ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಒಳಚರಂಡಿಗೆ ಆಳು ಇಳಿಯುವ ಮುನ್ನ ಒಳಗಿನ ಗಾಳಿ ಎಂಥದೆಂದು ನೋಡುವವರು ಯಾರು?

ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿ ನಂಬಲಾಗದು. ಹೈಡ್ರೋಜನ್ ಸಲ್ಫೈಡ್ ಪ್ರಾಣ ತೆಗೆಯುವಷ್ಟಿದ್ದರೂ ದೀಪ ಉರಿಯುತ್ತಲೇ ಇದ್ದೀತು. ಮೀಥೇನ್ ತುಂಬಿದ್ದರೆ ಅದೇ ದೀಪದಿಂದ ಗುಂಡಿ ಸಿಡಿದೀತು. ಮೂಗನ್ನೂ ನಂಬುವಂತಿಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ ಹೆಚ್ಚಾದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ.

ಯಂತ್ರಕ್ಕೆ ಮೂಗು ಕೊಡುವ ವಿದ್ಯೆ ಹೊಸದೇನಲ್ಲ. 1962ರಲ್ಲೇ ಜಪಾನಿನ ನಯೋಯೋಶಿ ತಗುಚಿ ಎಂಬವರು ತವರದ ಆಕ್ಸೈಡಿನಿಂದ ಅನಿಲ ಪತ್ತೆಯ ಸಾಧನ ರೂಪಿಸಿದರು. ಕಾಯಿಸಿದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ವಿದ್ಯುತ್ತಿನ ಹರಿವನ್ನು ತಡೆಯುತ್ತದೆ. ಅಡುಗೆ ಅನಿಲ ಸೋರಿ ಬಂದರೆ ಆ ಆಮ್ಲಜನಕದೊಡನೆ ಕೂಡಿ ತಡೆಯನ್ನು ತೆಗೆಯುತ್ತದೆ. ವಿದ್ಯುತ್ತು ಹರಿದು ಗಂಟೆ ಬಾರಿಸುತ್ತದೆ. ಆಕ್ಸೈಡಿನ ಕಣ ಸಣ್ಣದಾದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು, ಸಾಧನವೂ ಅಷ್ಟೇ ಚುರುಕು. ಬಿಗಿದ ಬೇಲಿಗಿಂತ ಬಿಡಿ ಅರಳೆಗೆ ಬೆಂಕಿ ಬೇಗ ತಗಲುವುದನ್ನು ಜಿನ್ನಿಂಗ್ ಕಾರ್ಮಿಕರಿಗೆ ನಾವು ಹೇಳಿಕೊಡಬೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2010ರ ದಶಕದಲ್ಲಿ ಸತುವಿನ ಆಕ್ಸೈಡನ್ನು ನ್ಯಾನೋ ಅಳತೆಯ ಜೇನುಗೂಡಿನಂತೆ ರೂಪಿಸಿ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನು ಪತ್ತೆಹಚ್ಚಿದ್ದಾರೆ.

ಜನರ ತೆರಿಗೆಯ ಹಣದಿಂದ ಬೆಳೆದ ಈ ವಿದ್ಯೆ ಪ್ರಯೋಗಶಾಲೆಗೂ ಶ್ರೀಮಂತರ ಅಡುಗೆಮನೆಗೂ ಮೀಸಲಾಗಬೇಕೆ? ರಕ್ಷಣೆಯ ಸಲಕರಣೆಯಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಕೂಡದೆಂದು 2013ರ ಕಾನೂನು ಹೇಳಿದೆ. ಅದರ ನಿಯಮಗಳ ಪಟ್ಟಿಯಲ್ಲಿ ಅನಿಲ ಮಾಪಕವೂ ಇದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಹೆಣಕ್ಕೆ ಬೆಲೆ ಕಟ್ಟುವ ಬದಲು ಜೀವಕ್ಕೆ ಮಾಪಕ ಕೊಳ್ಳುವುದು ವಿವೇಕವಲ್ಲವೇ?

ಮಾಪಕ ಬಂದಿತೆಂದು ಆಳನ್ನು ಗುಂಡಿಗೆ ದೂಡುವುದೂ ಸಲ್ಲದು. ತವರದ ಸಾಧನ ಹೆಂಡದ ಆವಿಗೂ ಗಂಟೆ ಬಾರಿಸೀತು, ಆಮ್ಲಜನಕದ ಕೊರತೆಯನ್ನು ಅಳೆಯಲಾರದು. ಚರಂಡಿಗೆ ಹಲವು ಅನಿಲಗಳನ್ನು ಅಳೆಯುವ ಮಾಪಕವೇ ಬೇಕು. ಅದನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು. ಚರಂಡಿ ತೊಳೆಯುವ ಕೆಲಸ ಮಾತ್ರ ಯಂತ್ರದ್ದೇ ಆಗಲಿ.

ನಮ್ಮ ಬೇಡಿಕೆ ಇಷ್ಟೇ: ಮೂರೂ ಊರುಗಳ ಆಡಳಿತಗಳು ಮಾಪಕ ಕೊಂಡು, ಅದನ್ನು ಬಳಸಲು ಕಾರ್ಮಿಕರಿಗೆ ಕಲಿಸಲಿ. ಸಿಲಿಂಡರ್ ಇಟ್ಟ ಸಣ್ಣ ಅಂಗಡಿಗಳಿಗೆ ಸರ್ಕಾರ ಅಗ್ಗದಲ್ಲಿ ಎಚ್ಚರಿಕೆ ಗಂಟೆ ಒದಗಿಸಲಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದನ್ನು ನೆಲದ ಸಮೀಪ ಹಾಕಿಸಿರಿ. ಕೇಳದೆ ಯಾವುದೂ ಸಿಗದು, ಒಗ್ಗಟ್ಟಾಗಿ ಕೇಳೋಣ.